ಆಕ್ಷೇಪಣೆಗೆ ಅರ್ಧ ಗಂಟೆ

ಸ್ಮಶಾನದ ಗೇಟಿಗೆ ಅಂಟಿಸಿದ್ದ ನೋಟೀಸನ್ನು ಆರ್ಡಿತ್ ಕಾರಿನ ಕೀಲಿಯಿಂದ ಕೆರೆಯುತ್ತಿದ್ದಳು. ಒಂದು ಮೂಲೆ ಎದ್ದಿತ್ತು, ಮಿಕ್ಕ ಮೂರು ಹಟ ಹಿಡಿದು ಕೂತಿದ್ದವು. ಮೈಮೇಲೆ ಕಪ್ಪು ಉಡುಪು, ತೋಳಿನಲ್ಲಿ ಕಪ್ಪು ಕೈಚೀಲ, ಗಾಳಿಗೆ ಹಾರಿಹೋಗದಂತೆ ಪಿನ್ನು ಚುಚ್ಚಿದ ಹ್ಯಾಟು. ಗಂಡನ ಅಂತ್ಯಕ್ರಿಯೆಯ ದಿನ ಬೆಳಿಗ್ಗೆ ಹೆಂಗಸೊಬ್ಬಳು ಮಾಡುವ ಕೆಲಸವೇನೂ ಅಲ್ಲ ಇದು.

"ಬಲಗಡೆಯಿಂದ ಕೆರಿ," ಎಂದಿತು ಹಿಂದಿನಿಂದ ಒಂದು ದನಿ. "ಎಡಗಡೆ ಗೋಂದು ಜಾಸ್ತಿ ಬಳಿದಿದೀನಿ."

ಸ್ಮಶಾನ ಸಮಿತಿಯ ಅಧ್ಯಕ್ಷ ಆರ್ವಲ್ ಕ್ಯಾಸ್ಪರ್. ಜೀವಮಾನವಿಡೀ ಗೋಧಿಯ ಗೋದಾಮು ನೋಡಿಕೊಂಡಿದ್ದು, ಈಗ ಸತ್ತವರ ಸಾಲುಗಳನ್ನು ಅಷ್ಟೇ ಜೋಪಾನವಾಗಿ ನೋಡಿಕೊಳ್ಳುವ ಮನುಷ್ಯ.

"ಆರ್ವಲ್, ನೀನು ಇದನ್ನ ನೋಡಿಲ್ಲ ಅಂದ್ಕೋ."

"ನೋಡ್ಬಿಟ್ಟೆನಲ್ಲಮ್ಮಾ."

"ಹಾಗಾದ್ರೆ ಕಣ್ಣು ಮುಚ್ಕೋ. ವೆಂಡೆಲ್ ಚರ್ಚಿಗೆ ಬರೋದು ಇದೇ ದಾರೀಲಿ. ಇದನ್ನ ಓದಿದ್ರೆ ನೆಟ್ಟಗೆ ಗುಂಡಿ ಹತ್ರ ಬಂದು ತಕರಾರು ತೆಗೀತಾನೆ."

"ತೆಗೀಲಿ. ತೆಗೀಲಿ ಅಂತಾನೇ ಅಲ್ವಾ ಅಂಟ್ಸೋದು?"

"ಅವನು ಬೇಡ ಅಂದ್ರೆ ನನ್ನ ಗಂಡನ್ನ ಎಲ್ಲಿಗೆ ತಗೊಂಡು ಹೋಗ್ಲಿ? ವಾಪಸ್ ಮನೆಗಾ?"

"ಆ ಕಡೆ ಬೇಲಿ ಪಕ್ಕ ಜಾಗ ಇದೆ. ಗಾಳಿ ಜಾಸ್ತಿ, ಆದ್ರೂ..."

"ಬೇಲಿ ಪಕ್ಕ ಅವನೊಬ್ನೇ! ನಾನು ಇಲ್ಲಿ, ಅವನು ಅಲ್ಲಿ, ಮಧ್ಯೆ ಇಡೀ ಊರು!"

ಆರ್ವಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಪಾಪದ ಮನುಷ್ಯ, ಅವನಿಗೂ ಸಂಕಟವೇ. "ಈ ನಿಯಮ ಬರೆದೋನು ನಿನ್ನ ಗಂಡ ವರ್ಲಿನ್ನೇ ಕಣಮ್ಮ. ನಾನು ಬರೆದಿದ್ರೆ ಎಂದೋ ಗಾಳಿಗೆ ತೂರಿಬಿಡ್ತಿದ್ದೆ. ಆದ್ರೆ ಬರೆದೋನ ವಿಷಯದಲ್ಲೇ ನಿಯಮ ಮುರಿದ್ರೆ ಹೇಗಿರುತ್ತೆ ಹೇಳು? ಅದೂ ಅವನು ಬಾಯಿ ಬಿಡೋಕಾಗ್ದೆ ಇರೋವಾಗ?"

ಆರ್ಡಿತ್ ಕೀಲಿಯನ್ನು ಕೈಚೀಲಕ್ಕೆ ಹಾಕಿಕೊಂಡಳು. ಎದ್ದಿದ್ದ ಮೂಲೆಯನ್ನು ಆರ್ವಲ್ ಹೆಬ್ಬೆರಳಿನಿಂದ ಒತ್ತಿ ಕೂರಿಸಿದ.

ನೋಟೀಸಿನಲ್ಲಿದ್ದದ್ದು ಇಷ್ಟೇ: ಬ್ರಂಗಾರ್ಟ್ ಮನೆತನದ ಸಾಲಿನಲ್ಲಿ, ಆ ಮನೆತನಕ್ಕೆ ಸೇರದ ವರ್ಲಿನ್ ಸ್ಟಕಿಯನ್ನು ಹೂಳಬೇಕೆಂಬ ಪ್ರಸ್ತಾಪವಿದೆ. ಮನೆತನದವರ ಆಕ್ಷೇಪಣೆಗಳನ್ನು ಶನಿವಾರ ಗುಂಡಿಯ ಬಳಿಯೇ ಕೇಳಲಾಗುವುದು. ಅರ್ಧ ಗಂಟೆ ಕಾಯಲಾಗುವುದು. ಆಕ್ಷೇಪಣೆ ಬಂದರೆ ಕಾರಣ ಸಹಿತ ಉತ್ತರ ಕೊಡುವವರೆಗೆ ಮಣ್ಣು ಹಾಕುವಂತಿಲ್ಲ.

ಇಂಥದ್ದೊಂದು ನಿಯಮ ಭೂಮಿಯ ಮೇಲೆ ಬೇರೆಲ್ಲೂ ಇರಲಾರದು. ಕೆಲವು ವರ್ಷಗಳ ಹಿಂದೆ ಸಮಿತಿಯವರು ಒಂದು ಮನೆಯ ಅಜ್ಜಿಯನ್ನು ಇನ್ನೊಂದು ಮನೆಯ ಸಾಲಿನಲ್ಲಿ ಹೂತು, ಮತ್ತೆ ತೆಗೆದು, ಊರೆಲ್ಲ ರಂಪ ಮಾಡಿಕೊಂಡಿದ್ದರು. ವರ್ಲಿನ್ ಆಗಷ್ಟೇ ನಿವೃತ್ತನಾಗಿದ್ದ. ಕ್ಯಾನ್ಸಸ್‌ನ ರಾಜಧಾನಿ ಟೊಪೀಕಾದಲ್ಲಿ, ರಾಜ್ಯದ ಷೇರು ನಿಯಂತ್ರಣ ಕಚೇರಿಯಲ್ಲಿ ಕೂತು ವರ್ಷಗಟ್ಟಲೆ ನಿಯಮ ಬರೆದ ಕೈ ಕಡಿಯುತ್ತಿತ್ತು. ಸಮಿತಿಯವರು ಒಂದು ಮಾತು ಕೇಳಿದ್ದೇ ತಡ, ಅಡುಗೆಮನೆಯ ಮೇಜಿನ ಮೇಲೆ ಇಡೀ ಸ್ಮಶಾನಕ್ಕೆ ನಿಯಮಾವಳಿ ಸಿದ್ಧವಾಯಿತು. ಅದರ ಮೊದಲ ಬಲಿ ತಾನೇ ಎಂದು ಅವನಿಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಬಿಡುತ್ತಿರಲಿಲ್ಲ ಎನ್ನುವುದು ಆರ್ಡಿತ್‌ಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಅವಳಿಗೆ ಅಷ್ಟು ಸಿಟ್ಟು.

ಆ ಸಾಲಿನಲ್ಲಿ ಐದು ಜಾಗ. ಆರ್ಡಿತ್‌ಳ ಮೊದಲ ಗಂಡ ಲೈಲ್ ಬ್ರಂಗಾರ್ಟ್‌ನ ಅಪ್ಪ, ಅಮ್ಮ, ಆಮೇಲೆ ಲೈಲ್. ಲೈಲ್‌ನ ಪಕ್ಕದ್ದು ಆರ್ಡಿತ್‌ಗೆ. ಅದರಾಚೆಯದು ಖಾಲಿ. ಅಲ್ಲಿ ವರ್ಲಿನ್ ಮಲಗಿದರೆ ಅವಳಿಗೆ ಎಡಕ್ಕೊಬ್ಬ, ಬಲಕ್ಕೊಬ್ಬ. ಬದುಕಿನಲ್ಲಿ ಅವಳು ಬೇಡಿದ್ದು ಕಡಿಮೆ. ಇದೊಂದನ್ನು ಮಾತ್ರ ಬಿಟ್ಟುಕೊಡಲು ಅವಳು ತಯಾರಿರಲಿಲ್ಲ. ಆದರೆ ಲೈಲ್‌ನ ತಮ್ಮ ವೆಂಡೆಲ್ ಇನ್ನೂ ಗುಂಡುಕಲ್ಲಿನ ಹಾಗೆ ಇದ್ದ. ಎಮುಗಳ ಕಾಲದಿಂದ ಅವನು ಅವಳ ಮನೆಯ ಹೊಸ್ತಿಲು ತುಳಿದಿರಲಿಲ್ಲ.

*

ಎಮು ಜಗಳ ನಡೆದದ್ದು ನವೆಂಬರಿನ ಹಬ್ಬದೂಟದಲ್ಲಿ, ಹುರಿದ ಟರ್ಕಿ ಕೋಳಿಯ ಎದುರಿಗೇ.

ವೆಂಡೆಲ್ ಎಮು ಹಕ್ಕಿಗಳನ್ನು ಸಾಕುವ ಕಂಪನಿ ಮಾಡಿ ಊರವರಿಗೆ ಷೇರು ಮಾರಲು ಹೊರಟಿದ್ದ. ಕ್ಯಾನ್ಸಸ್‌ನಲ್ಲಿ ಷೇರು ಮಾರಬೇಕಾದರೆ ವರ್ಲಿನ್‌ನ ಕಚೇರಿಯ ಒಪ್ಪಿಗೆ ಬೇಕು. ನಂಟಸ್ತಿಕೆ ಇದೆಯೆಂದು ವರ್ಲಿನ್ ಅರ್ಜಿಯನ್ನು ಮುಟ್ಟಲೂ ಇಲ್ಲ, ಪಕ್ಕದ ಮೇಜಿಗೆ ತಳ್ಳಿದ. ಪಕ್ಕದ ಮೇಜಿನವರು ತಿರುವಿ ನೋಡಿದ್ದು ವರ್ಲಿನ್ ಬರೆದ ನಿಯಮವನ್ನೇ. ಅರ್ಜಿ ತಿರಸ್ಕಾರವಾಯಿತು.

"ನಾನೇನಾದ್ರೂ ಸುಳ್ಳು ಬರೆದಿದೀನಾ? ಒಂದೇ ಒಂದು ಸುಳ್ಳು ತೋರಿಸು, ಈ ಚಮಚ ನುಂಗ್ತೀನಿ," ಎಂದ ವೆಂಡೆಲ್.

"ಸುಳ್ಳಿಲ್ಲ ವೆಂಡೆಲ್. ಎಮು ಜೋಡಿ ಕೊಳ್ಳೋದು, ಮರಿ ಮಾಡ್ಸೋದು, ಮರೀನ ಸಾಕೋವ್ನಿಗೆ ಮಾರೋದು. ಅವನು ಮರಿ ಮಾಡ್ಸಿ ಇನ್ನೊಬ್ಬ ಸಾಕೋವ್ನಿಗೆ ಮಾರೋದು. ಎಲ್ಲಾ ಸರಿ. ತಿನ್ನೋವ್ರು ಯಾರು?"

"ಯಾರೋ ತಿಂತಾರಪ್ಪ!"

"ಈ ಮೇಜಲ್ಲಿ ಯಾರಾದ್ರೂ ತಿಂದಿದೀರಾ?"

ಎಲ್ಲರೂ ಟರ್ಕಿಯ ಕಡೆ ನೋಡಿದರು. ವೆಂಡೆಲ್ ಮೂಲತಃ ಪ್ರಾಮಾಣಿಕ, ಅದೇ ಅವನ ಗ್ರಹಚಾರ. "ನಾನು ಒಂದ್ಸಲ ತಿಂದೆ," ಎಂದ. "ಏನೋ... ಬೂಟಿನ ನಾಲಿಗೆ ಥರ ಇತ್ತು."

ಆರ್ಡಿತ್‌ಗೆ ನಗು ತಡೆಯಲಾಗಲಿಲ್ಲ. ಕಿಸಕ್ಕೆಂದಳು. ವೆಂಡೆಲ್ ತಟ್ಟೆ ತಳ್ಳಿ ಎದ್ದುಹೋದ. ಮರುವರ್ಷ ವಾಷಿಂಗ್ಟನ್‌ನಲ್ಲಿ ಹೊಸ ಕಾನೂನು ಬಂತು. ಉಳ್ಳವರಿಗಷ್ಟೇ ಮಾರುವ ಕೆಲವು ಬಗೆಯ ಷೇರುಗಳನ್ನು ಇನ್ನು ಮೇಲೆ ರಾಜ್ಯದವರು ತಡೆಯುವ ಹಾಗಿಲ್ಲ. ವೆಂಡೆಲ್ ವಿಚಿಟಾದ ಹಲ್ಲಿನ ಡಾಕ್ಟರುಗಳನ್ನೆಲ್ಲ ಹಿಡಿದು ಷೇರು ಮಾರಿದ. ಹಕ್ಕಿಗಳು ಬಂದವು, ಮರಿಗಳಾದವು, ಕೊಳ್ಳುವವರು ಮಾತ್ರ ಮಾಯ. ಕೊನೆಗೆ ಮೇವಿಗೂ ಗತಿಯಿಲ್ಲದೆ ಅವನು ಬೇಲಿಯ ಬಾಗಿಲು ತೆರೆದುಬಿಟ್ಟ. ಹೆದ್ದಾರಿಯ ಮೇಲೆ ಎಮುಗಳು ಓಡಿದವು, ಅವುಗಳ ಹಿಂದೆ ಹಗ್ಗ ಹಿಡಿದು ಶೆರಿಫ್ ಓಡಿದ. ಒಂದು ಹಕ್ಕಿ ಆರ್ಡಿತ್‌ಳ ಹಿತ್ತಿಲಿಗೇ ನುಗ್ಗಿ ಟುಲಿಪ್ ಗಿಡಗಳನ್ನು ಬುಡಸಮೇತ ಮೇಯ್ದಿತು. ವೆಂಡೆಲ್‌ನ ಹೆಂಡತಿ ಶಾರ್ಲೀನ್ ಗಂಟುಮೂಟೆ ಕಟ್ಟಿಕೊಂಡು ನೆಬ್ರಾಸ್ಕಾದ ತವರಿಗೆ ಹೋದವಳು ಅಲ್ಲೇ ಉಳಿದಳು.

ವರ್ಲಿನ್ ಒಂದು ದಿನವೂ 'ನಾನು ಹೇಳಿರಲಿಲ್ಲವೇ' ಎನ್ನಲಿಲ್ಲ. ವೆಂಡೆಲ್‌ಗೆ ಸಹಿಸಲಾಗದೆ ಹೋದದ್ದು ಅದೇ ಇರಬೇಕು.

*

ಚರ್ಚಿನಲ್ಲಿ ಮಾತಾಡಲು ಎದ್ದವನು ಕೆಂಟನ್ ಆಬ್‌ಶೈರ್. ಡೆನ್ವರ್‌ನಲ್ಲಿ ಕೇಂದ್ರ ಸರ್ಕಾರದ ಷೇರು ಕಚೇರಿಯಲ್ಲಿದ್ದು ನಿವೃತ್ತನಾದವನು, ವರ್ಲಿನ್‌ನ ಹಳೆಯ ಎದುರಾಳಿ, ಹಾಗಾಗಿ ಪರಮಾಪ್ತ.

"ನಮ್ಮ ಕಚೇರಿಯವರು ಕೇಳೋದು ಒಂದೇ ಪ್ರಶ್ನೆ," ಎಂದ ಕೆಂಟನ್. "ಅಯ್ಯಾ, ಹೇಳ್ಬೇಕಾದ್ದನ್ನೆಲ್ಲ ಹೇಳಿದೀಯಾ? ಹೇಳಿದ್ರೆ ಆಯ್ತು, ಕೊಳೆತ ಮೀನಾದ್ರೂ ಮಾರ್ಕೋ. ವರ್ಲಿನ್ ಹಾಗಲ್ಲ. ಹೇಳಿದ್ಯಪ್ಪಾ ಸರಿ, ಆದ್ರೆ ಇದು ನ್ಯಾಯವಾ ಅಂತ ಕೇಳ್ತಿದ್ದ. ನಾನು ಅವನಿಗೆ ಎಷ್ಟು ಸಲ ಹೇಳಿದೀನಿ, ಮಾರಾಯ, ದಡ್ಡನಿಗೂ ದುಡ್ಡು ಕಳ್ಕೊಳ್ಳೋ ಹಕ್ಕಿದೆ. ಅವನು ಅಂತಿದ್ದ, ಇದೆ, ಡೆನ್ವರ್‌ಗೆ ಹೋಗಿ ಕಳ್ಕೊಳ್ಲಿ."

ಜನ ನಕ್ಕರು. ಆರ್ಡಿತ್ ನಗದೆ ಹಿಂದಿನ ಬೆಂಚುಗಳ ಮೇಲೆ ಕಣ್ಣಾಡಿಸಿದಳು. ವೆಂಡೆಲ್ ಕಾಣಲಿಲ್ಲ. ಅವಳ ಎದೆ ಕೊಂಚ ಹಗುರಾಯಿತು. ಹಾಗೆ ಹಗುರಾದದ್ದಕ್ಕೆ ನಾಚಿಕೆಯೂ ಆಯಿತು.

ಮನೆಯಲ್ಲೂ ವರ್ಲಿನ್ ಬೇರೆಯಾಗಿರಲಿಲ್ಲ. ಪರದೆ ಬದಲಿಸಬೇಕೆಂದರೂ ಫ್ರಿಜ್ಜಿನ ಮೇಲೆ ಪ್ರಸ್ತಾಪದ ಚೀಟಿ ಬೀಳುತ್ತಿತ್ತು. ಅಭಿಪ್ರಾಯಕ್ಕೆ ಒಂದು ವಾರ. ಅವಳು ಸಿಟ್ಟಿನಿಂದ ಏನು ಗೀಚಿದರೂ ಕೆಳಗೆ ಉತ್ತರ ಬರುತ್ತಿತ್ತು. ಅವನ ಗೊರಕೆಯ ಬಗ್ಗೆ ಒಮ್ಮೆ ದೂರು ಬರೆದಾಗ, 'ಸ್ವೀಕರಿಸಿ ಪರಿಶೀಲಿಸಲಾಗಿದೆ. ಸದರಿ ಕೃತ್ಯ ನಡೆಯುವಾಗ ಆರೋಪಿಗೆ ಎಚ್ಚರವಿಲ್ಲದ ಕಾರಣ ಕ್ರಮ ಸಾಧ್ಯವಿಲ್ಲ' ಎಂದು ಬರೆದಿದ್ದ. ಇಂಥವನ ಜೊತೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಾಳಿದ್ದೇನೆ, ಇನ್ನು ಫ್ರಿಜ್ಜಿನ ಬಾಗಿಲು ಬರೀ ಬಿಳಿ ಎಂದುಕೊಂಡಳು.

*

ಸ್ಮಶಾನದಲ್ಲಿ ಗಾಳಿಯೋ ಗಾಳಿ. ಮಾರ್ಚ್ ತಿಂಗಳ ಗಾಳಿ ಹೊಲಗಳ ಮೇಲಿಂದ ಅಡ್ಡವಿಲ್ಲದೆ ಬಂದು ಕೋಟುಗಳೊಳಗೆ ಕೈ ಹಾಕುತ್ತಿತ್ತು. ಪಾದ್ರಿ ಜೋಲೀನ್ ಪ್ರಾರ್ಥನೆ ಮುಗಿಸಿದಳು. ಶವಪೆಟ್ಟಿಗೆ ಗುಂಡಿಯ ಮೇಲೆ ಪಟ್ಟಿಗಳ ಆಸರೆಯಲ್ಲಿ ನಿಂತಿತ್ತು. ಆರ್ವಲ್ ಮುಂದೆ ಬಂದು ಕೆಮ್ಮಿದ.

"ಈಗ ವಿಚಾರಣೆ ಶುರು. ಬ್ರಂಗಾರ್ಟ್ ಮನೆಯವರು ಆಕ್ಷೇಪಣೆ ಇದ್ರೆ ಹೇಳಬಹುದು." ಸುತ್ತ ನೋಡಿದ. "ಯಾರೂ ಇಲ್ಲ. ಅರ್ಧ ಗಂಟೆ ಕಾಯೋಣ."

"ಅರ್ಧ ಗಂಟೆ?" ಪಾದ್ರಿಯ ಮುಖ ಸಪ್ಪೆಯಾಯಿತು. ಅವಳು ಈ ಊರಿಗೆ ಹೊಸಬಳು. "ಚರ್ಚಿನ ಕೆಳಮಹಡೀಲಿ ಊಟ ಇಟ್ಟಿದಾರೆ ಆರ್ವಲ್. ಹಂದಿಮಾಂಸ ಎಲ್ಲ ಒಣಗಿಹೋಗುತ್ತೆ."

"ಒಣಗಲಿ ಪಾದ್ರಿಗಳೇ. ಸಾಸಿವೆ ಹಚ್ಕೊಂಡು ತಿಂದ್ರಾಯ್ತು."

ಜನ ಕಾಲು ಬದಲಿಸುತ್ತ ನಿಂತರು. ಯಾರದೋ ಹ್ಯಾಟು ಹಾರಿ ಹೋಗಿ ದೂರದ ಸಮಾಧಿಯೊಂದಕ್ಕೆ ತಗುಲಿಕೊಂಡಿತು. ಹೊತ್ತು ಸರಿಯಿತು. ಗೇಟಿನ ಕಡೆಯಿಂದ ಯಾರೂ ಬರಲಿಲ್ಲ. ಕೆಂಟನ್ ಆರ್ಡಿತ್‌ಳ ಕಿವಿಯ ಬಳಿ ಬಗ್ಗಿದ.

"ಇನ್ನು ಸಾಕು ಆರ್ಡಿತ್. ನೋಟೀಸು ಕೊಟ್ಟಾಗಿದೆ, ಅವನು ಬಂದಿಲ್ಲ. ನೀನು ಒಂದು ಮಾತು ಹೇಳು, ಆರ್ವಲ್ ಮುಗಿಸ್ತಾನೆ. ಚಳಿಗೆ ಇನ್ನೊಬ್ಬರನ್ನ ಇಲ್ಲೇ ಹೂಳಬೇಕಾಗುತ್ತೆ."

ಆರ್ವಲ್ ಅವಳನ್ನೇ ನೋಡಿದ. ಅವನ ಮೂಗು ಕೆಂಪಾಗಿತ್ತು. ಅವಳು ಹೂಂ ಎಂದಿದ್ದರೆ ಅವನೂ ಹೂಂ ಎನ್ನುತ್ತಿದ್ದ. ಬೆಳಿಗ್ಗೆ ಗೇಟಿನ ಬಳಿ ಅಷ್ಟೆಲ್ಲ ಮಾತಾಡಿದವನು ಈಗ ಅವಳಿಂದ ಅದನ್ನೇ ಬಯಸುತ್ತಿದ್ದಂತಿತ್ತು. ಹೂಂ ಎನ್ನಲು ಅವಳೂ ಬಾಯಿ ತೆರೆದಳು.

*

ಅವಳು ವರ್ಲಿನ್‌ನನ್ನು ಮೊದಲು ಕಂಡದ್ದು ಇಂಥದ್ದೇ ಒಂದು ಖಾಲಿ ವಿಚಾರಣೆಯಲ್ಲಿ. ಲೈಲ್ ಹೋಗಿ ಕೆಲವು ವರ್ಷವಾಗಿತ್ತು. ಅವಳು ಹೆಂಗಸರ ಕೂದಲು ಕತ್ತರಿಸುವ ಅಂಗಡಿ ನಡೆಸುತ್ತಿದ್ದಳು. ಅಂಥ ಅಂಗಡಿಗಳಲ್ಲಿ ಬೆಕ್ಕು ಇಟ್ಟುಕೊಳ್ಳಬಾರದೆಂದು ಯಾವುದೋ ಮಂಡಳಿಯವರು ಹೊಸ ನಿಯಮ ತರುತ್ತಿದ್ದಾರೆ, ಟೊಪೀಕಾದಲ್ಲಿ ಸಾರ್ವಜನಿಕ ವಿಚಾರಣೆ ಇದೆ ಎಂದು ಕೇಳಿ, ಬುಸುಗುಡುತ್ತ ಹೊರಟಳು. ದಾರಿ ತಪ್ಪಿ, ತಡವಾಗಿ, ಕೊನೆಗೆ ಕಂಡ ಬಾಗಿಲನ್ನು ದೂಡಿ ಒಳಗೆ ನುಗ್ಗಿದಳು.

ಸಾಲು ಸಾಲು ಖಾಲಿ ಕುರ್ಚಿಗಳು. ಎದುರಿಗೆ ಮೇಜು, ಟೇಪ್ ರೆಕಾರ್ಡರ್, ಹಿಂದೆ ಬೊಕ್ಕತಲೆಯ ಒಬ್ಬ. ಅವಳನ್ನು ಕಂಡದ್ದೇ ಅವನು ಎದ್ದು ನಿಂತ. ವರ್ಷಗಳಿಂದ ಅವನ ವಿಚಾರಣೆಗಳಿಗೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ.

"ಬನ್ನಿ ಬನ್ನಿ! ಸಾರ್ವಜನಿಕರಾ?"

"ಮತ್ತಿನ್ನೇನು, ಖಾಸಗೀನಾ?" ಎಂದು ಆರ್ಡಿತ್ ಶುರು ಹಚ್ಚಿಕೊಂಡಳು. ತನ್ನ ಬೆಕ್ಕು ಯಾರ ತಂಟೆಗೂ ಹೋಗುವುದಿಲ್ಲ, ಗಿರಾಕಿಗಳು ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂದಲು ಗುಂಗುರು ಮಾಡಿಸಿಕೊಳ್ಳುತ್ತಾರೆ, ಸರ್ಕಾರಕ್ಕೆ ಬೇರೆ ಕಸುಬಿಲ್ಲವೇ. ಅವನು ಒಂದು ಸಲವೂ ಅಡ್ಡ ಬಾಯಿ ಹಾಕಲಿಲ್ಲ. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, "ಇದು ಷೇರು ದಲ್ಲಾಳಿಗಳ ಪರವಾನಗಿ ವಿಷಯ ಕಣ್ರೀ," ಎಂದ, ಬಹಳ ಬೇಸರದಿಂದ. "ಬೆಕ್ಕಿನ ವಿಚಾರಣೆ ಮೇಲಿನ ಮಹಡೀಲಿತ್ತು. ಅವರು ಯಾರೂ ಬರಲಿಲ್ಲ ಅಂತ ಬೇಗ ಮುಗಿಸಿ ಬಾಗಿಲು ಹಾಕ್ಕೊಂಡು ಹೋದ್ರು."

"ನೀವ್ಯಾಕೆ ಹೋಗ್ಲಿಲ್ಲ?"

"ಇನ್ನೂ ಐದು ನಿಮಿಷ ಇತ್ತಲ್ಲ."

ಆದರೂ ಅವಳ ಮಾತು ದಾಖಲಾಗಿತ್ತು. ದಾಖಲಾದದ್ದಕ್ಕೆ ಉತ್ತರ ಕೊಡಲೇಬೇಕು. ಮುಂದಿನ ವಾರ ಅವನು ಕಾರು ಓಡಿಸಿಕೊಂಡು ಅವಳ ಅಂಗಡಿಗೇ ಬಂದ. ಹ್ಯಾಟು ಕೈಯಲ್ಲಿ ಹಿಡಿದು, ಬೆಕ್ಕಿನ ವಿಷಯ ತಮ್ಮ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ವಿಷಾದದಿಂದ ತಿಳಿಸಿದ. ಆಮೇಲೆ, ಬೆಕ್ಕನ್ನು ಒಮ್ಮೆ ನೋಡಬಹುದೇ ಎಂದು ಕೇಳಿದ.

*

"ಕಾಯೋಣ," ಎಂದಳು ಆರ್ಡಿತ್.

"ಅಯ್ಯೋ ದೇವರೇ," ಎಂದಳು ಪಾದ್ರಿ.

ಇನ್ನು ಹತ್ತು ನಿಮಿಷ ಉಳಿದಿರುವಾಗ ಗೇಟಿನಲ್ಲಿ ಹಳೆಯ ಪಿಕಪ್ ಗಾಡಿಯೊಂದು ನರಳುತ್ತ ಬಂದು ನಿಂತಿತು. ವೆಂಡೆಲ್ ಇಳಿದ. ದಪ್ಪಗಾಗಿದ್ದ, ಮಂಡಿ ಕೈಕೊಟ್ಟಿತ್ತು, ಸೂಟಿನ ಗುಂಡಿ ಹಾಕಲು ಬರುತ್ತಿರಲಿಲ್ಲ. ಕುಂಟುತ್ತ ಬಂದವನು ಪೆಟ್ಟಿಗೆಯನ್ನು ನೋಡಿದ, ಆರ್ವಲ್‌ನನ್ನು ನೋಡಿದ.

"ಮುಗೀತಾ?"

"ಇಲ್ಲ. ಹೇಳೋದಿದ್ರೆ ಹೇಳು."

"ಇದೆ. ನನ್ನ ಆಕ್ಷೇಪಣೆ ಇದೆ."

ಆರ್ಡಿತ್ ಕೈಚೀಲ ಎತ್ತಿ ಹಿಡಿದಳು. ಬೆಳಿಗ್ಗೆ ಬಲಗಡೆಯಿಂದಲೇ ಕೆರೆಯಬೇಕಿತ್ತು. "ಎಮು ಅಂದ್ರೆ ನೋಡು ವೆಂಡೆಲ್, ಸತ್ತವನ ಮುಂದೆ ಎಮು ಅಂದ್ರೆ ಈ ಚೀಲದಲ್ಲಿ ಬಾರಿಸ್ತೀನಿ!"

"ಎಮು ಮನೆ ಹಾಳಾಗ್ಲಿ," ಎಂದ ವೆಂಡೆಲ್. "ಅತ್ತಿಗೆ, ಅದು ನನ್ನ ಜಾಗ."

ಅತ್ತಿಗೆ. ಆ ಹಬ್ಬದೂಟದ ನಂತರ ಅವನ ಬಾಯಲ್ಲಿ ಆ ಮಾತು ಬಂದಿರಲಿಲ್ಲ.

"ಅಪ್ಪ ಐದು ಜಾಗ ತಗೊಂಡಿದ್ದ. ಅವರಿಬ್ರು, ನೀವಿಬ್ರು, ನಾನು. ಯಾರಿಗೂ ಬರ್ದು ಕೊಟ್ಟಿಲ್ಲ, ನಂಗೆ ಗೊತ್ತು. ಆದ್ರೆ ಅದು ನಂದು. ವರ್ಲಿನ್ ಅಲ್ಲಿ ಮಲಗಿದ್ರೆ ನಾನೆಲ್ಲಿ ಹೋಗ್ಲಿ? ಬೇಲಿ ಪಕ್ಕಾನಾ?"

"ನೀನು ಶಾರ್ಲೀನ್ ಕಡೆ ನೆಬ್ರಾಸ್ಕಾದಲ್ಲಿ..."

"ಅವಳು ನನ್ನನ್ನ ಅಡುಗೆಮನೆಗೇ ಸೇರಿಸ್ತಿರ್ಲಿಲ್ಲ, ಸಮಾಧಿಗೆ ಸೇರಿಸ್ತಾಳಾ?"

ಯಾರೋ ನಕ್ಕು, ಕೆಮ್ಮಿನಲ್ಲಿ ಮುಚ್ಚಿಕೊಂಡರು. ಆರ್ವಲ್ ಕೈ ಹಿಸುಕಿಕೊಂಡ. "ಕಾರಣ ಸಹಿತ ಉತ್ತರ ಕೊಡ್ಬೇಕು. ನಂಗೆ ಕಾರಣ ಬರೆಯೋಕೆ ಬರಲ್ಲ. ಇಂಥದ್ದಕ್ಕೆಲ್ಲ ವರ್ಲಿನ್‌ನೇ ಕೇಳ್ತಿದ್ದೆ."

"ನೋಟೀಸು ಸರಿಯಾಗಿ ಕೊಟ್ಟಿದಾರೆ," ಕೆಂಟನ್ ಪಿಸುಗುಟ್ಟಿದ. "ದಾಖಲೆ ಇಲ್ಲ ಅಂತ ಅವನೇ ಒಪ್ಕೊಂಡ. ತಿರಸ್ಕರಿಸಬಹುದು."

"ಸುಮ್ನಿರು ಕೆಂಟನ್," ಎಂದಳು ಆರ್ಡಿತ್. "ಇದು ಡೆನ್ವರ್ ಅಲ್ಲ."

ಅವಳು ಲೈಲ್‌ನ ಕಲ್ಲನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ನಡುವೆ ತನಗೆಂದು ಕಾದಿದ್ದ ಒಣ ಹುಲ್ಲಿನ ತುಂಡನ್ನು ನೋಡಿದಳು. ಈ ಸಾಲಿನಲ್ಲಿ ಹೊರಗಿನವಳು ಯಾರು ಎಂದರೆ ಒಂದು ಲೆಕ್ಕದಲ್ಲಿ ಅವಳೇ. ಆ ಯೋಚನೆ ಅವಳಿಗೆ ಒಂಚೂರೂ ಇಷ್ಟವಾಗಲಿಲ್ಲ. ವರ್ಲಿನ್‌ನ ಮೇಲೆ ಮತ್ತೆ ಸಿಟ್ಟು ಬಂತು. ಕಣ್ಣಲ್ಲಿ ನೀರೂ ಬಂತು, ಗಾಳಿಯ ನೆಪದಲ್ಲಿ ಒರೆಸಿಕೊಂಡಳು.

"ಆರ್ವಲ್, ಸುಟ್ಟು ಬೂದಿ ಮಾಡಿದ್ರೆ ಒಂದು ಗುಂಡೀಲಿ ಇಬ್ರನ್ನ ಇಡಬಹುದಾ?"

"ಬೂದಿ ಅಂದ್ರೆ ಡಬ್ಬಿ ತಾನೆ? ಇಡಬಹುದು."

"ಹಾಗಾದ್ರೆ ನನ್ನ ಸುಟ್ಟು ವರ್ಲಿನ್ ಮೇಲೆ ಇಡಿ. ನನ್ನ ಜಾಗ ವೆಂಡೆಲ್‌ಗೆ ಇರ್ಲಿ. ಅವನು ಅಣ್ಣನ ಪಕ್ಕ ಮಲಗ್ಲಿ."

ಅವಳಿಗೆ ಬೆಂಕಿಯೆಂದರೆ ಎಷ್ಟು ಭಯವೆಂದು ಊರಿಗೇ ಗೊತ್ತು. ಹುಟ್ಟುಹಬ್ಬದ ಕೇಕಿನ ಮೇಲೂ ಅವಳು ಮೇಣದ ಬತ್ತಿ ಹಚ್ಚಗೊಡುತ್ತಿರಲಿಲ್ಲ.

ವೆಂಡೆಲ್ ಬೆರಳಲ್ಲಿ ಲೆಕ್ಕ ಹಾಕಿದ. "ತಡಿ, ತಡಿ. ಅಂದ್ರೆ ಈ ಕಡೆ ಲೈಲ್, ಮಧ್ಯೆ ನಾನು, ಆ ಕಡೆ... ವರ್ಲಿನ್?"

"ಹೂಂ."

"ಸತ್ತವರೆಲ್ಲ ಎದ್ದು ನಿಲ್ಲೋ ಕಡೇ ದಿನದವರೆಗೂ?"

"ಅದರಾಚೆಗೂ ಬಿಡಲ್ಲ ಅವನು," ಎಂದ ಕೆಂಟನ್. "ತಿನ್ನೋವ್ರು ಯಾರು ಅಂತ ಕೇಳ್ತಾನೇ ಇರ್ತಾನೆ."

ಈ ಸಲ ನಗುವನ್ನು ಯಾರೂ ಮುಚ್ಚಿಕೊಳ್ಳಲಿಲ್ಲ. ಪಾದ್ರಿಯೂ ನಕ್ಕಳು. ವೆಂಡೆಲ್ ಮಾತ್ರ ಗಂಭೀರವಾಗಿ ಹುಲ್ಲನ್ನೇ ನೋಡುತ್ತಿದ್ದ. "ಹಿಡಿಸ್ತೀನೋ ಇಲ್ವೋ ನೋಡ್ಬೇಕಲ್ಲ," ಎಂದು, ಆರ್ವಲ್‌ನ ಹೆಗಲು ಹಿಡಿದು, ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದು ಮಂಡಿ ಊರಿ, ಉಸ್ಸೆನ್ನುತ್ತ ಸೂಟಿನ ಸಮೇತ ಅಂಗಾತ ಮಲಗಿದ. ಹೊಟ್ಟೆಯ ಮೇಲೆ ಹ್ಯಾಟು ಇಟ್ಟುಕೊಂಡ. ಎಡಕ್ಕೆ ತಿರುಗಿ ಅಣ್ಣನ ಕಲ್ಲನ್ನು ನೋಡಿದ. ಬಲಕ್ಕೆ ತಿರುಗಿ ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದ.

"ಹೆಂಗಿದೆ?" ಎಂದ ಆರ್ವಲ್.

"ಇಕ್ಕಟ್ಟು. ಪರವಾಗಿಲ್ಲ." ವೆಂಡೆಲ್ ಅಂಗೈಗಳನ್ನು ನೆಲಕ್ಕೆ ಊರಿ, ಸೊಂಟ ಎತ್ತಿ, ಲೈಲ್‌ನ ಕಡೆಗೆ ಒಂದಿಷ್ಟು ಸರಿದ. ಮತ್ತೆ ಒಂದಿಷ್ಟು ಸರಿದ. ಅವನ ಭುಜಕ್ಕೂ ಪೆಟ್ಟಿಗೆಗೂ ನಡುವೆ ಮೊಳದಗಲದ ಹುಲ್ಲು ಬಿಡುವಾಯಿತು.

"ಅತ್ತಿಗೆ, ಡಬ್ಬಿ ಇಲ್ಲಿಡ್ಲಿ. ನಮ್ಮಿಬ್ರ ಮಧ್ಯೆ. ನೀನಿಲ್ದಿದ್ರೆ ಜಗಳ ಆಗುತ್ತೆ."

ಆರ್ಡಿತ್ ಹ್ಯಾಟಿನ ಪಿನ್ನನ್ನು ಬಿಗಿ ಮಾಡಿಕೊಂಡು, ಆ ಮೊಳದ ಜಾಗದಲ್ಲಿ ಒಂದು ಪಾದದ ಹಿಂದೆ ಇನ್ನೊಂದು ಪಾದವಿಟ್ಟು ನಿಂತು ನೋಡಿದಳು. ಬೀಳದಂತೆ ಒಂದು ಕೈಯನ್ನು ಪೆಟ್ಟಿಗೆಯ ಮೇಲಿಟ್ಟಳು. ಅರ್ಧ ಗಂಟೆ ಮುಗಿಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಯಾರೂ ಅಲುಗಲಿಲ್ಲ.